‘2001: ಎ ಸ್ಪೇಸ್ ಒಡಿಸ್ಸಿ’: ನಮ್ಮ ತಾರಸಿ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೌರಿಬಿದನೂರಿನ ನಮ್ಮ ಮನೆ ತಾರಸಿ ಮೇಲೆ ಒಂದು ಬಿಳಿ ಗೋಡೆ ಇದೆ. ವರ್ಷಕ್ಕೊಂದು ರಾತ್ರಿ ನೆಂಟರು, ಅಕ್ಕಪಕ್ಕದ ಮನೆಯವರು, ಅವರ ಮಕ್ಕಳು ಎಲ್ಲ ಸೇರಿ ಆ ಗೋಡೆ ಮೇಲೆ ಈ ಸಿನಿಮಾ ನೋಡುತ್ತೇವೆ. ಮುಗಿದ ಮೇಲೆ ಯಾರೂ ಬೇಗ ಎದ್ದು ಹೋಗುವುದಿಲ್ಲ. ಪ್ರಶ್ನೆಗಳು ಶುರುವಾಗುತ್ತವೆ. ಕೆಲವು ಆಗಲೇ ಬರುತ್ತವೆ, ಕೆಲವು ಮಾರನೇ ದಿನ ಬೆಳಿಗ್ಗೆ ಹಾಲು ತರಲು ಹೋದಾಗ ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಕಥೆಯನ್ನು ಕೊನೆವರೆಗೂ ಹೇಳಿಬಿಟ್ಟಿದ್ದೇನೆ, ಆದರೆ ಕಥೆ ಗೊತ್ತಾದರೆ ಕೆಡುವ ಸಿನಿಮಾ ಇದಲ್ಲ.

ಯಾರು ಮಾಡಿದ್ದು, ಯಾವಾಗ?

1968ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ನಿರ್ದೇಶಕ ಸ್ಟಾನ್ಲಿ ಕುಬ್ರಿಕ್. ಅವರ ಜೊತೆ ಕೂತು ಬರೆದವರು ಆರ್ಥರ್ ಸಿ. ಕ್ಲಾರ್ಕ್. ಕ್ಲಾರ್ಕ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಆದರೆ 1956ರಿಂದ ಕೊನೆಯವರೆಗೂ ಮನೆ ಮಾಡಿಕೊಂಡಿದ್ದು ಇಲ್ಲೇ ಪಕ್ಕದ ಶ್ರೀಲಂಕಾದಲ್ಲಿ. ಆ ತಾರೀಕನ್ನು ಸ್ವಲ್ಪ ನೆನಪಿಟ್ಟುಕೊಂಡು ನೋಡಿ. ಅಪೊಲೊ 8ರಲ್ಲಿ ಮೂವರು ಮೊದಲ ಸಲ ಚಂದ್ರನನ್ನು ಸುತ್ತಿ ಬಂದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ, ಚಂದ್ರನ ಮೇಲೆ ಕಾಲಿಟ್ಟದ್ದು 1969ರ ಜುಲೈನಲ್ಲಿ. ಅಂದರೆ ಪರದೆ ಮೇಲೆ ನೀವು ನೋಡುತ್ತಿರುವುದನ್ನು ಯಾರೂ ಕಣ್ಣಾರೆ ನೋಡಿರಲಿಲ್ಲ. ಎಲ್ಲವೂ ಯೋಚನೆ ಮಾಡಿ, ಲೆಕ್ಕ ಹಾಕಿ ಕಟ್ಟಿದ್ದು.

ಕಥೆ ಏನು, ಸುಮ್ನೆ ನಾಲ್ಕು ಮಾತಲ್ಲಿ ಹೇಳಿ.

ಲಕ್ಷಾಂತರ ವರ್ಷಗಳ ಹಿಂದೆ ಆಫ್ರಿಕಾದ ಒಣ ನೆಲದಲ್ಲಿ ಒಂದು ವಾನರ ಗುಂಪು ಹಸಿದು ಕೂತಿದೆ. ಒಂದು ಬೆಳಿಗ್ಗೆ ಎದ್ದರೆ ಕಣ್ಣೆದುರು ಒಂದು ಕಪ್ಪು ಚಪ್ಪಡಿ ನಿಂತಿದೆ. ಅದನ್ನು ಮುಟ್ಟಿದ ಮೇಲೆ ಅವುಗಳಲ್ಲಿ ಒಂದಕ್ಕೆ ಮೂಳೆಯನ್ನು ಆಯುಧ ಮಾಡಿಕೊಳ್ಳಬಹುದು ಅಂತ ಹೊಳೆಯುತ್ತದೆ. ಅಲ್ಲಿಂದ ನೇರ 2001ರ ಆಸುಪಾಸಿಗೆ: ಚಂದ್ರನ ನೆಲದಲ್ಲಿ ಅಗೆದಾಗ ಅಂಥದ್ದೇ ಚಪ್ಪಡಿ ಸಿಗುತ್ತದೆ, ಅದು ಗುರು ಗ್ರಹದ ಕಡೆಗೆ ರೇಡಿಯೊ ಕೂಗು ಹಾಕುತ್ತದೆ. ಕೂಗು ಹೋದ ಕಡೆ ಡಿಸ್ಕವರಿ ಅನ್ನುವ ನೌಕೆ ಹೊರಡುತ್ತದೆ. ಅದರಲ್ಲಿ ಎಚ್ಚರವಾಗಿರುವವರು ಬೋಮನ್, ಫ್ರಾಂಕ್ ಎಂಬ ಇಬ್ಬರು, ನಿದ್ದೆಗೆ ಹಾಕಿರುವವರು ಮೂವರು, ಎಲ್ಲವನ್ನೂ ನೋಡಿಕೊಳ್ಳುವ ಹ್ಯಾಲ್ ಎಂಬ ಕಂಪ್ಯೂಟರ್ ಒಂದು. ಗುರು ಗ್ರಹ ಮುಟ್ಟುವುದು ಬೋಮನ್ ಒಬ್ಬನೇ. ಅಲ್ಲಿ ಬಣ್ಣದ ಬೆಳಕಿನೊಳಗೆ ನುಗ್ಗಿ ಒಂದು ಬಿಳಿ ರೂಮು ಸೇರುತ್ತಾನೆ, ಮುದುಕನಾಗುತ್ತಾನೆ, ಕೊನೆಗೆ ಮಗುವಾಗುತ್ತಾನೆ.

ಶುರುವಲ್ಲಿ ಯಾರೂ ಮಾತೇ ಆಡಲ್ಲ. ನಿಮ್ಮ ಸ್ಪೀಕರ್ ಕೆಟ್ಟಿದೆಯಾ?

ಪ್ರತಿ ವರ್ಷ ಯಾರಾದರೂ ಎದ್ದು ಬಂದು ವೈರು ಅಲ್ಲಾಡಿಸುತ್ತಾರೆ! ಸ್ಪೀಕರ್ ಸರಿಯಿದೆ. ಮೊದಲ 25 ನಿಮಿಷ ಒಂದೇ ಒಂದು ಮಾತಿಲ್ಲ. ಕೊನೆಯ 20 ನಿಮಿಷಕ್ಕೂ ಜಾಸ್ತಿ ಹೊತ್ತು ಹಾಗೇ. ಬೇರೆ ಸಿನಿಮಾದಲ್ಲಿ ಪಾತ್ರಗಳು ಒಬ್ಬರಿಗೊಬ್ಬರು ಹೇಳಿ ನಮಗೆ ತಿಳಿಸುತ್ತವೆ, ಇಲ್ಲಿ ನಾವೇ ನೋಡಿ ತಿಳಿದುಕೊಳ್ಳಬೇಕು. ನನಗೆ ಈ ಸಿನಿಮಾ ಇಷ್ಟೊಂದು ಇಷ್ಟವಾಗುವುದಕ್ಕೆ ಮೊದಲ ಕಾರಣ ಇದೇ. ನೋಡುವವರಿಗೆ ಕಣ್ಣಿದೆ, ಬುದ್ಧಿಯಿದೆ ಅಂತ ನಂಬಿ ತೆಗೆದಿದ್ದಾರೆ. ಇಂಗ್ಲಿಷ್ ಬಾರದ ನಮ್ಮ ಅಜ್ಜಿ ಮೊದಲ ಸಲ ನೋಡಿದಾಗ ವಾನರಗಳ ಭಾಗದಲ್ಲಿ ನಮಗಿಂತ ಮುಂದಿದ್ದರು. ಆ ಪ್ರಾಣಿ ಮೂಳೆ ರಾಶಿ ಮುಂದೆ ಕೂತು, ತಲೆ ಓರೆ ಮಾಡಿ, ಒಂದು ಮೂಳೆ ಎತ್ತಿ ಸುಮ್ನೆ ಕುಟ್ಟುತ್ತಿರುತ್ತದಲ್ಲ, ಆಗಲೇ ಅಜ್ಜಿ ‘ಇದಕ್ಕೆ ಬುದ್ಧಿ ಬಂತು ನೋಡ್ರೋ’ ಅಂದರು.

ಇಷ್ಟು ನಿಧಾನ ಯಾಕೆ? ಒಂದೂವರೆ ಸ್ಪೀಡಲ್ಲಿ ನೋಡಬಹುದಾ?

ಬೇಡ, ದಯವಿಟ್ಟು ಬೇಡ. ದೊಡ್ಡ ವಸ್ತು ನಿಧಾನವಾಗಿಯೇ ಚಲಿಸಿದ ಹಾಗೆ ಕಾಣಬೇಕು. ಜಾತ್ರೆಯಲ್ಲಿ ತೇರು ಓಡಿದರೆ ಅದು ತೇರಿನ ಹಾಗೆ ಕಾಣುತ್ತದಾ? ಆ ಬಾಹ್ಯಾಕಾಶ ನಿಲ್ದಾಣ ತಿರುಗುವುದು, ಅದಕ್ಕೆ ಸರಿಯಾಗಿ ತಾನೂ ತಿರುಗುತ್ತಾ ಪುಟ್ಟ ನೌಕೆ ಹೋಗಿ ಸೇರುವುದು, ಹಿಂದೆ ‘ಬ್ಲೂ ಡ್ಯಾನ್ಯೂಬ್’ ಎಂಬ ವಾಲ್ಟ್ಸ್ ಕುಣಿತದ ಸಂಗೀತ ನುಡಿಯುವುದು, ಇದನ್ನು ಬೇಗ ಓಡಿಸಿದರೆ ಉಳಿಯುವುದು ಎರಡು ಆಟದ ಸಾಮಾನು ಅಷ್ಟೇ. ಇಡೀ ಸಿನಿಮಾ 2 ಗಂಟೆ 20 ನಿಮಿಷದ ಆಸುಪಾಸು. ನಮ್ಮ ಹಳೇ ಸಿನಿಮಾಗಳಿಗಿಂತ ಚಿಕ್ಕದು, ಅಲ್ವಾ?

ಆ ಮೂಳೆ ಎಸೆಯೋ ದೃಶ್ಯನ ಎಲ್ಲರೂ ಯಾಕೆ ಅಷ್ಟು ಹೊಗಳ್ತಾರೆ?

ಗೆದ್ದ ಖುಷಿಯಲ್ಲಿ ವಾನರ ಮೂಳೆಯನ್ನು ಆಕಾಶಕ್ಕೆ ಎಸೆಯುತ್ತದೆ. ಮೂಳೆ ತಿರುಗುತ್ತಾ ಮೇಲೆ ಹೋಗಿ ಕೆಳಗೆ ಬೀಳಲು ಶುರು ಮಾಡುತ್ತದೆ, ಅಷ್ಟರಲ್ಲಿ ಚಕ್ ಅಂತ ಅದೇ ಜಾಗದಲ್ಲಿ ಒಂದು ಉಪಗ್ರಹ. ಲಕ್ಷಾಂತರ ವರ್ಷ ಒಂದು ಕತ್ತರಿಗೆ ಹೋಯಿತು. ಮಧ್ಯದಲ್ಲಿ ನಡೆದದ್ದೆಲ್ಲ, ಬೆಂಕಿ, ನೇಗಿಲು, ರಾಜರು, ರೈಲು, ಅದೆಲ್ಲ ಆ ಮೂಳೆಯ ಮುಂದುವರಿಕೆ ಅಂತ ಒಂದೂ ಮಾತಿಲ್ಲದೆ ಹೇಳಿಬಿಟ್ಟರು. ಆ ಕ್ಷಣ ಬರುವಾಗ ನಾನು ಗೋಡೆ ಕಡೆ ನೋಡುವುದಿಲ್ಲ, ಹೊಸದಾಗಿ ಬಂದವರ ಮುಖ ನೋಡುತ್ತೇನೆ.

ಅವು ನಿಜವಾದ ಕೋತಿಗಳಾ? ಆ ಜಾಗ ಎಲ್ಲಿ?

ದೊಡ್ಡ ವಾನರಗಳ ಒಳಗಿರುವವರು ಮನುಷ್ಯರು, ಮರಿಗಳು ಮಾತ್ರ ನಿಜವಾದ ಚಿಂಪಾಂಜಿ. ಮುಖ್ಯ ವಾನರನಾಗಿ ನಟಿಸಿದವರು ಡ್ಯಾನ್ ರಿಕ್ಟರ್ ಎಂಬ ಮೂಕಾಭಿನಯ ಕಲಾವಿದ, ವೇಷ ಸ್ಟುವರ್ಟ್ ಫ್ರೀಬಾರ್ನ್ ಅವರದ್ದು. ನಾನು ಇಪ್ಪತ್ತೆರಡು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು, ಬಣ್ಣ ಬಳಿದ ಪರದೆ ಮುಂದೆ ಊರವರನ್ನೆಲ್ಲ ನಿಲ್ಲಿಸಿ ಫೋಟೋ ತೆಗೆದವನು, ಹಾಗಾಗಿ ಈ ಭಾಗ ನನಗೆ ಹಬ್ಬ. ಅವರು ಆಫ್ರಿಕಾಕ್ಕೆ ನಟರನ್ನು ಕರೆದುಕೊಂಡೇ ಹೋಗಲಿಲ್ಲ. ಈಗ ನಮೀಬಿಯಾ ಅನ್ನುತ್ತೇವಲ್ಲ, ಅಲ್ಲಿಗೆ ಫೋಟೋಗ್ರಾಫರ್‌ಗಳನ್ನು ಕಳಿಸಿ 8 ಇಂಚಿಗೆ 10 ಇಂಚಿನ ದೊಡ್ಡ ಸ್ಲೈಡುಗಳನ್ನು ತೆಗೆಸಿದರು. ಆಮೇಲೆ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಕ್ಯಾಮೆರಾ ಮುಂದೆ ಅರೆಗನ್ನಡಿಯನ್ನು (ಅರ್ಧ ಬೆಳಕನ್ನು ಆಚೆ ಬಿಟ್ಟು ಅರ್ಧವನ್ನು ತಿರುಗಿಸುವ ಗಾಜು) ಓರೆಯಾಗಿಟ್ಟು, ಆ ಸ್ಲೈಡು ಹಾಕಿದ ಪ್ರೊಜೆಕ್ಟರ್ ಬೆಳಕನ್ನು ಲೆನ್ಸ್ ನೋಡುವ ದಿಕ್ಕಿನಲ್ಲೇ ನಟರ ಹಿಂದಿನ ಪರದೆಗೆ ಬಿಟ್ಟರು. ಹಿಂದಿನ ಪರದೆಗೆ ಬಳಸಿದ್ದು ರಸ್ತೆ ಬೋರ್ಡಿನ ಮೇಲೆ ಅಂಟಿಸುವ ಹೊಳೆಯುವ ಹಾಳೆಯಂಥದ್ದು. ರಾತ್ರಿ ಹೈವೇಲಿ ನಮ್ಮ ಹೆಡ್‌ಲೈಟು ಬಿದ್ದ ತಕ್ಷಣ ಬೋರ್ಡು ನಮ್ಮ ಕಣ್ಣಿಗೇ ವಾಪಸ್ ಹೊಳೆಯುತ್ತದಲ್ಲ, ಅದೇ ಗುಟ್ಟು.

ಈಗ ಚಿರತೆ ಬರುವ ದೃಶ್ಯವನ್ನು ಇನ್ನೊಂದು ಸಲ ನೋಡಿ. ಸತ್ತ ಜೀಬ್ರಾ ಪಕ್ಕ ಕೂತ ಚಿರತೆ ಕ್ಯಾಮೆರಾ ಕಡೆ ತಿರುಗಿದಾಗ ಅದರ ಎರಡೂ ಕಣ್ಣು ದೀಪ ಹಚ್ಚಿದ ಹಾಗೆ ಉರಿಯುತ್ತವೆ. ಅದು ಪ್ರೊಜೆಕ್ಟರ್ ಬೆಳಕು ಕಣ್ಣಿಗೆ ಬಡಿದು ವಾಪಸ್ ಬಂದದ್ದು. ಬೇಕು ಅಂತ ಮಾಡಿದ್ದಲ್ಲ, ಆದರೆ ಎಷ್ಟು ಚೆನ್ನಾಗಿದೆ!

ಪೆನ್ನು ಗಾಳಿಲಿ ಹೇಗೆ ತೇಲಿತು?

ಮಕ್ಕಳ ಮೊದಲ ಪ್ರಶ್ನೆ. ನಿದ್ದೆ ಹೋದ ಪ್ರಯಾಣಿಕನ ಕೈಯಿಂದ ಜಾರಿದ ಪೆನ್ನು ನಿಧಾನವಾಗಿ ತಿರುಗುತ್ತಿರುತ್ತದೆ, ಗಗನಸಖಿ ಬಂದು ಅದನ್ನು ಹಿಡಿದು ಅವನ ಜೇಬಿಗೆ ಸಿಕ್ಕಿಸುತ್ತಾಳೆ. ದಾರ ಇಲ್ಲ. ದೊಡ್ಡ ಗಾಜಿನ ಬಿಲ್ಲೆಗೆ ಎರಡೂ ಕಡೆ ಅಂಟಿರುವ ಟೇಪಿನಿಂದ ಪೆನ್ನು ಅಂಟಿಸಿ, ಕ್ಯಾಮೆರಾ ಮುಂದೆ ಆ ಗಾಜನ್ನು ತಿರುಗಿಸಿದರು, ಅಷ್ಟೇ. ಆಕೆ ಪೆನ್ನು ತೆಗೆಯುವಾಗ ಬೆರಳನ್ನೇ ನೋಡಿ: ಗಾಳಿಯಲ್ಲಿದ್ದದ್ದನ್ನು ಹಿಡಿದ ಹಾಗಿಲ್ಲ, ಮೆಲ್ಲಗೆ ಕಿತ್ತ ಹಾಗಿದೆ. ಗುಟ್ಟು ಗೊತ್ತಾದ ಮೇಲೂ ನನಗೆ ಅದು ತೇಲುತ್ತಿರುವ ಪೆನ್ನೇ.

ಒಬ್ಬ ಗೋಡೆ, ಸೂರು ಎಲ್ಲದರ ಮೇಲೂ ಓಡ್ತಾನಲ್ಲ?

ಜಾತ್ರೆಯ ಜಯಂಟ್ ವೀಲನ್ನು ಸುತ್ತಲೂ ಮುಚ್ಚಿ ಡ್ರಮ್ಮು ಮಾಡಿದರೆ ಹೇಗಿರುತ್ತದೆ ಅಂತ ಯೋಚಿಸಿ. ವಿಕರ್ಸ್ ಆರ್ಮ್‌ಸ್ಟ್ರಾಂಗ್ ಕಂಪನಿಯ ಕೈಲಿ ಅಂಥ ಚಕ್ರವನ್ನು ನಿಜವಾಗಿ ಕಟ್ಟಿಸಿದರು: ಅಡ್ಡಳತೆ 38 ಅಡಿ, ತೂಕ 30 ಟನ್ನು, ಖರ್ಚು ಆ ಕಾಲಕ್ಕೇ ಏಳೂವರೆ ಲಕ್ಷ ಡಾಲರ್. ಓಡುವ ನಟ ಯಾವಾಗಲೂ ತಳದಲ್ಲೇ ಇರುತ್ತಾನೆ, ತಿರುಗುವುದು ಮನೆ. ನನಗೆ ಅದಕ್ಕಿಂತ ಇಷ್ಟ ಇನ್ನೊಂದು ದೃಶ್ಯ. ಒಬ್ಬ ಕೂತು ಊಟ ಮಾಡುತ್ತಿದ್ದಾನೆ, ಇನ್ನೊಬ್ಬ ಎದುರುಗಡೆ ಏಣಿ ಇಳಿದು ಸುತ್ತ ನಡೆದು ಅವನ ಹತ್ತಿರ ಬರುತ್ತಾನೆ. ಊಟಕ್ಕೆ ಕೂತವನನ್ನು ಕುರ್ಚಿಗೆ ಬೆಲ್ಟ್ ಹಾಕಿ ಬಿಗಿದು ತಲೆಕೆಳಗೆ ಮಾಡಿದ್ದರು! ಚಕ್ರ ತಿರುಗಿ ಅವನು ಕೆಳಕ್ಕೆ ಬರುವ ಹೊತ್ತಿಗೆ ಇವನು ನಡೆದು ಮುಟ್ಟಿದ.

ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲದಲ್ಲಿ ಕೊನೆಯ ಬಣ್ಣದ ಬೆಳಕು ಹೇಗೆ?

ಅದರ ಹೆಸರು ಸ್ಲಿಟ್ ಸ್ಕ್ಯಾನ್. ಮಾಡಿದವರು ಡಗ್ಲಸ್ ಟ್ರಂಬುಲ್, ಆಗ ಇಪ್ಪತ್ತೈದರ ಹುಡುಗ. ನಂದಿ ಬೆಟ್ಟದ ಮೇಲೆ ರಾತ್ರಿ ಸ್ಟ್ಯಾಂಡಿಗೆ ಕ್ಯಾಮೆರಾ ಹಾಕಿ, ಶಟರ್ ಅರ್ಧ ನಿಮಿಷ ತೆರೆದಿಟ್ಟರೆ ಕೆಳಗಿನ ಗಾಡಿ ದೀಪಗಳು ಉದ್ದ ಗೆರೆಗಳಾಗಿ ಬರುತ್ತವೆ, ನೋಡಿರಬಹುದು. ಇಲ್ಲಿ ಒಂದು ಸಣ್ಣ ಸೀಳಿನ ಹಿಂದೆ ಬಣ್ಣದ ಚಿತ್ರ ಸರಿಯುತ್ತದೆ, ಮುಂದೆ ಹಳಿ ಮೇಲೆ ಕ್ಯಾಮೆರಾ ಶಟರ್ ತೆರೆದುಕೊಂಡೇ ಹತ್ತಿರ ಬರುತ್ತದೆ. ಇಷ್ಟೆಲ್ಲ ಮಾಡಿದರೆ ಸಿಗುವುದು ಒಂದು ಫ್ರೇಮು. ಒಂದು ಸೆಕೆಂಡಿಗೆ ಅಂಥವು 24 ಬೇಕು. ಈ ಸಿನಿಮಾದ ದೃಶ್ಯ ಚಮತ್ಕಾರಕ್ಕೆ ಕುಬ್ರಿಕ್ ಅವರಿಗೆ ಆಸ್ಕರ್ ಬಂತು, ಅವರ ಜೀವಮಾನದಲ್ಲಿ ಬಂದ ಆಸ್ಕರ್ ಅದೊಂದೇ.

ಎಚ್‌ಎಎಲ್ ಅಂದ್ರೆ ನಮ್ಮ ಗುಬ್ಬಿ ಹತ್ರ ಹೆಲಿಕಾಪ್ಟರ್ ಮಾಡೋ ಎಚ್‌ಎಎಲ್ಲಾ?

ಅಲ್ಲ, ಅಕ್ಷರ ಅವೇ ಆದರೂ ಅಲ್ಲ. ನಮ್ಮದು ಹಿಂದೂಸ್ತಾನ್ ಏರೋನಾಟಿಕ್ಸ್. ಸಿನಿಮಾದ್ದು ಹ್ಯಾಲ್ 9000, ತಾನಾಗಿ ಕಲಿಯುವ ಒಂದು ಬಗೆಯ ಕಂಪ್ಯೂಟರ್ ಅನ್ನುವುದರ ಚುಟುಕು ಹೆಸರು. ಐಬಿಎಂ ಕಂಪನಿ ಹೆಸರಿನ ಒಂದೊಂದು ಅಕ್ಷರ ಹಿಂದೆ ಹೋದರೆ ಎಚ್‌ಎಎಲ್ ಆಗುತ್ತದೆ, ಬೇಕಂತಲೇ ಇಟ್ಟಿದ್ದು ಅಂತ ಜನ ಹೇಳುತ್ತಾರೆ. ಕ್ಲಾರ್ಕ್ ಹಾಗಲ್ಲ ಎಂದಿದ್ದರು.

ಹ್ಯಾಲ್ ಕೆಟ್ಟವನಾ?

ತಾರಸಿ ಮೇಲೆ ಜಗಳ ಆಗುವುದೇ ಇದಕ್ಕೆ. ನಾಲ್ವರನ್ನು ಕೊಂದದ್ದು ನಿಜ. ಆದರೆ ಅದಕ್ಕೆ ಮನುಷ್ಯರು ಕೊಟ್ಟಿದ್ದ ಕೆಲಸ ಏನು ನೋಡಿ: ಈ ಪ್ರಯಾಣದ ನಿಜವಾದ ಉದ್ದೇಶ ಹ್ಯಾಲ್‌ಗೆ ಗೊತ್ತು, ಎಚ್ಚರವಾಗಿದ್ದ ಇಬ್ಬರಿಗೆ ಗೊತ್ತಿಲ್ಲ. ಜೊತೆಯಲ್ಲಿರುವವರ ಹತ್ತಿರ ಮುಚ್ಚಿಡಬೇಕು, ಅದೇ ಹೊತ್ತಿಗೆ ಒಂದೂ ತಪ್ಪು ಮಾಡಬಾರದು. ನನಗೆ ಅದು ದುಷ್ಟ ಯಂತ್ರವಲ್ಲ, ಇಕ್ಕಟ್ಟಿಗೆ ಸಿಕ್ಕಿದ ಜೀವ.

ಇಬ್ಬರೂ ಗಗನಯಾತ್ರಿಗಳು ಹ್ಯಾಲ್‌ಗೆ ಕೇಳಿಸಬಾರದು ಅಂತ ಒಂದು ಪುಟ್ಟ ಗೂಡುನೌಕೆಯೊಳಗೆ ಕೂತು, ಬಾಗಿಲು ಹಾಕಿಕೊಂಡು ಹ್ಯಾಲನ್ನೇ ಆರಿಸಿಬಿಡುವ ಮಾತಾಡುತ್ತಾರೆ. ಆಗ ಕ್ಯಾಮೆರಾ ಅವರ ತುಟಿಗಳನ್ನು ಮಾತ್ರ ತೋರಿಸುತ್ತದೆ, ಈ ತುಟಿಯಿಂದ ಆ ತುಟಿಗೆ, ಆ ತುಟಿಯಿಂದ ಈ ತುಟಿಗೆ. ಸದ್ದಿಲ್ಲ. ಅದು ಕಿವಿಯಿಂದಲ್ಲ, ಕಣ್ಣಿಂದ ಕೇಳಿಸಿಕೊಳ್ಳುತ್ತಿದೆ ಅಂತ ನಮಗೆ ಹೊಳೆಯುವ ಹೊತ್ತಿಗೆ ಇಂಟರ್ವಲ್. ನಾವೂ ಅಲ್ಲೇ ನಿಲ್ಲಿಸಿ ಬಾದಾಮಿ ಹಾಲು ಕೊಡುತ್ತೇವೆ, ಯಾರಿಗೂ ಕುಡಿಯುವ ಮನಸ್ಸಿರುವುದಿಲ್ಲ.

ಇನ್ನು ಹ್ಯಾಲ್ ಸಾಯುವ ದೃಶ್ಯ. ಕೆಂಪು ಬೆಳಕಿನ ಕೋಣೆ, ಉಸಿರಾಟದ ಸದ್ದು, ಬೋಮನ್ ಹ್ಯಾಲ್‌ನ ನೆನಪು ತುಂಬಿದ ಗಾಜಿನಂಥ ಪಟ್ಟಿಗಳನ್ನು ಒಂದೊಂದಾಗಿ ಕೀಲಿ ತಿರುಗಿಸಿ ಸಡಿಲ ಮಾಡುತ್ತಾನೆ. ಹ್ಯಾಲ್ ಕಿರುಚುವುದಿಲ್ಲ. ನನಗೆ ಭಯ ಆಗುತ್ತಿದೆ, ನನ್ನ ಮನಸ್ಸು ಹೋಗುತ್ತಿದೆ, ಅದು ನನಗೆ ಗೊತ್ತಾಗುತ್ತಿದೆ ಅಂತ ಅದೇ ಮೆತ್ತಗಿನ ದನಿಯಲ್ಲಿ ಹೇಳುತ್ತದೆ. ಆ ದನಿ ಡಗ್ಲಸ್ ರೇನ್ ಅವರದ್ದು. ಕೊನೆಗೆ ತಾನು ಮೊದಲು ಕಲಿತ ‘ಡೈಸಿ ಬೆಲ್’ ಹಾಡು ಹೇಳುತ್ತಾ ದನಿ ಇಳಿದು ಇಳಿದು ನಿಲ್ಲುತ್ತದೆ. ಆ ಹಾಡು ಸುಮ್ನೆ ಹಾಕಿದ್ದಲ್ಲ: 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಒಂದು ಕಂಪ್ಯೂಟರಿಂದ ಇದೇ ಹಾಡನ್ನು ಹಾಡಿಸಿದ್ದರು, ಕ್ಲಾರ್ಕ್ ಅದನ್ನು ಅಲ್ಲಿ ಕೇಳಿದ್ದರು. ಮನುಷ್ಯರು ಸತ್ತಾಗ ಅಳದ ನಮ್ಮ ತಂಗಿ ಮಗಳು ಇದಕ್ಕೆ ಅತ್ತಳು.

ವಿಜ್ಞಾನ ಎಷ್ಟು ಸರಿ ಇದೆ?

ತುಂಬಾ. ನೌಕೆಯ ಹೊರಗೆ ಸದ್ದೇ ಇಲ್ಲ, ಗಾಳಿ ಇಲ್ಲದ ಕಡೆ ಸದ್ದು ಇರುವುದಿಲ್ಲ. ಈಗಿನ ಸಿನಿಮಾಗಳೂ ಅಲ್ಲಿ ಧಡಾರ್ ಅನ್ನಿಸುತ್ತವೆ. ಟೀವಿ ಸಂದರ್ಶನದಲ್ಲಿ ನೌಕೆ 8 ಕೋಟಿ ಮೈಲಿ ದೂರವಿದೆ, ಮಾತು ಮುಟ್ಟಲು 7 ನಿಮಿಷ ಬೇಕು ಅನ್ನುತ್ತಾರೆ. ಬೆಳಕು ಸೆಕೆಂಡಿಗೆ 1,86,000 ಮೈಲಿ, ಭಾಗಿಸಿ ನೋಡಿ, ಸರಿಯಾಗಿ ಬರುತ್ತದೆ. ಬೋಮನ್ ಹೆಲ್ಮೆಟ್ ಇಲ್ಲದೆ ನೌಕೆಗೆ ನುಗ್ಗುತ್ತಾನಲ್ಲ, ನಿರ್ವಾತದಲ್ಲಿ ಹತ್ತು ಹದಿನೈದು ಸೆಕೆಂಡು ಎಚ್ಚರ ಇರುತ್ತದೆ, ಆದ್ದರಿಂದ ಅದೂ ಸಾಧ್ಯ. ಆದರೆ ಅವನು ಉಸಿರು ಬಿಗಿ ಹಿಡಿಯುತ್ತಾನೆ, ಅದು ತಪ್ಪು. ಬಿಟ್ಟುಬಿಡಬೇಕು, ಇಲ್ಲದಿದ್ದರೆ ಶ್ವಾಸಕೋಶ ಹರಿಯುತ್ತದೆ. ಚಂದ್ರನ ಮೇಲಿನ ಮೀಟಿಂಗಿನಲ್ಲಿ ಎಲ್ಲರೂ ಭೂಮಿ ಮೇಲೆ ನಡೆದ ಹಾಗೆ ನಡೆಯುವುದೂ ತಪ್ಪು. ಚಂದ್ರನ ಬೆಟ್ಟಗಳನ್ನು ಚೂಪಾಗಿ ಮಾಡಿದ್ದಾರೆ, ನಿಜವಾಗಿ ಅವು ಸವೆದು ದುಂಡಗಿವೆ.

ನಮ್ಮ ಗೌರಿಬಿದನೂರಿಗೂ ಇದಕ್ಕೂ ಏನು ಸಂಬಂಧ?

ಇದನ್ನು ಕೇಳಿದವರಿಗೆ ನಾನು ಒಂದು ಲೋಟ ಕಾಫಿ ಜಾಸ್ತಿ ಕೊಡುತ್ತೇನೆ. ಊರಾಚೆ ರೇಡಿಯೊ ದೂರದರ್ಶಕ ಇದೆಯಲ್ಲ, ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದ್ದು. ದೂರದಿಂದ ನೋಡಿದರೆ ಬಳ್ಳಿ ಹಬ್ಬಿಸದ ದ್ರಾಕ್ಷಿ ಚಪ್ಪರದ ಹಾಗಿರುತ್ತದೆ. ಇಂಗ್ಲಿಷಿನ ಟಿ ಆಕಾರ, ಒಂದು ತೋಳು 1.4 ಕಿಲೋಮೀಟರ್, ಇನ್ನೊಂದು 450 ಮೀಟರ್. ಕಟ್ಟಿದಾಗ ಅದು ಕಿವಿಗೊಡುತ್ತಿದ್ದದ್ದು 34.5 ಮೆಗಾಹರ್ಟ್ಸ್‌ಗೆ. ಈಗ ಸಿನಿಮಾಕ್ಕೆ ಬನ್ನಿ. ಚಂದ್ರನ ಮೇಲಿನ ಚಪ್ಪಡಿಗೆ ಬಿಸಿಲು ಬಿದ್ದ ಕೂಡಲೇ ಕಿವಿ ಹರಿಯುವ ಹಾಗೆ ರೇಡಿಯೊ ಕೂಗು ಹೊರಡುತ್ತದೆ, ಗುರು ಗ್ರಹದ ಕಡೆಗೆ. ನಿಜವಾದ ಗುರು ಗ್ರಹವೂ ರೇಡಿಯೊ ಸದ್ದು ಮಾಡುತ್ತದೆ! 1955ರಲ್ಲಿ ಅಮೆರಿಕದಲ್ಲಿ ಇಬ್ಬರು ವಿಜ್ಞಾನಿಗಳಿಗೆ ಅದು ಆಕಸ್ಮಿಕವಾಗಿ ಸಿಕ್ಕಿತು. ಅಯೋ ಅನ್ನುವ ಅದರ ಚಂದ್ರ ಎಲ್ಲಿದೆ ಅನ್ನುವುದರ ಮೇಲೆ ಸದ್ದು ಏರುತ್ತದೆ, ಸುಮಾರು 40 ಮೆಗಾಹರ್ಟ್ಸ್ ಒಳಗೇ ಬರುತ್ತದೆ. ಅಂದರೆ ನಮ್ಮೂರ ತಂತಿಗಳು ಕಿವಿಗೊಟ್ಟ ಜಾಗದಲ್ಲೇ. ಆ ದೃಶ್ಯ ಬಂದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆ ಕಪ್ಪು ಕಲ್ಲು ಏನು?

ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳುವುದು ಸುಲಭ. ಕ್ವಾರಿ ಪಕ್ಕ ಬಿದ್ದಿರುವ ಗುಂಡು ಬಂಡೆಗಳ ಮಧ್ಯೆ ಒಂದು ಕೊಯ್ದು ಪಾಲಿಶ್ ಮಾಡಿದ ಚಪ್ಪಡಿ ಇದ್ದರೆ, ಯಾರೋ ಮಾಡಿದ್ದು ಅಂತ ಮಗುವಿಗೂ ಗೊತ್ತಾಗುತ್ತದೆ. ಅಷ್ಟೇ ಅದರ ಕೆಲಸ. ಯಾರು, ಯಾಕೆ ಅಂತ ಸಿನಿಮಾ ಹೇಳುವುದಿಲ್ಲ. ಮೊದಲು ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಮಾಡಿಸಿ ನೋಡಿದರು, ಸರಿಬರಲಿಲ್ಲ, ಕಪ್ಪಿಗೆ ಬಂದರು. ಒಳ್ಳೆಯದೇ ಆಯಿತು.

ಪುಸ್ತಕ ಮೊದಲಾ, ಸಿನಿಮಾ ಮೊದಲಾ?

ಎರಡೂ ಒಟ್ಟೊಟ್ಟಿಗೆ ಬರೆದದ್ದು, ಸಿನಿಮಾ ಮೊದಲು ಬಂತು. ಕಾದಂಬರಿಯಲ್ಲಿ ನೌಕೆ ಶನಿ ಗ್ರಹಕ್ಕೆ ಹೋಗುತ್ತದೆ. ಶನಿಯ ಬಳೆಗಳನ್ನು ಮನಸ್ಸಿಗೆ ಒಪ್ಪುವ ಹಾಗೆ ಮಾಡಲು ಆಗದೆ ಸಿನಿಮಾದಲ್ಲಿ ಗುರು ಗ್ರಹವನ್ನೇ ಇಟ್ಟುಕೊಂಡರು.

ಬಂದಾಗಲೇ ಗೆದ್ದಿತಾ?

ಮೊದಲ ಪ್ರದರ್ಶನಗಳಲ್ಲಿ ಮಧ್ಯದಲ್ಲೇ ಎದ್ದು ಹೋದವರಿದ್ದರು, ಕುಬ್ರಿಕ್ ಆಮೇಲೆ ಸುಮಾರು 19 ನಿಮಿಷ ಕತ್ತರಿಸಿದರು. ಹುಡುಗರು ಮಾತ್ರ ಮತ್ತೆ ಮತ್ತೆ ಹೋಗಿ ನೋಡಿದರು. 2022ರಲ್ಲಿ ಬ್ರಿಟನ್ನಿನ ಸೈಟ್ ಅಂಡ್ ಸೌಂಡ್ ಪತ್ರಿಕೆ ಜಗತ್ತಿನ ನಿರ್ದೇಶಕರನ್ನು ಕೇಳಿದಾಗ ಅವರ ಪಟ್ಟಿಯಲ್ಲಿ ಮೊದಲು ನಿಂತದ್ದು ಇದೇ.

ಕೊನೆ ಅರ್ಥವೇ ಆಗಲಿಲ್ಲ. ಆ ಬಿಳಿ ರೂಮು, ಮುದುಕ, ಮಗು?

ಕುಬ್ರಿಕ್ ಇದನ್ನು ಬಿಡಿಸಿ ಹೇಳಲು ಒಪ್ಪುತ್ತಿರಲಿಲ್ಲ. ನಾನು ಎಷ್ಟೋ ವರ್ಷ ಏನೇನೋ ಹೇಳಿ ಒದ್ದಾಡುತ್ತಿದ್ದೆ. ಒಂದು ಸಲ ಶಿಡ್ಲಘಟ್ಟದ ಕಡೆಯಿಂದ ನಮ್ಮ ದೊಡ್ಡಮ್ಮ ಬಂದಿದ್ದರು, ಜೀವನವೆಲ್ಲ ರೇಷ್ಮೆ ಹುಳ ಮೇಯಿಸಿದವರು. ಮುಗಿದ ಮೇಲೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ಅಂದರು: ‘ಅಲ್ಲಪ್ಪ, ಇದ್ರಲ್ಲಿ ತಿಳೀದೇ ಇರೋದೇನೈತೆ? ಹುಳ ಹಣ್ಣಾಯ್ತು, ಚಂದ್ರಂಕಿಗೆ ಬಿಟ್ರು, ಒಳಗೋಗಿದ್ದೇ ಒಂದು, ಈಚೆಗೆ ಬಂದಿದ್ದೇ ಒಂದು.’

ಚಂದ್ರಂಕಿ ಅಂದರೆ ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ. ಆಮೇಲೆ ನಾನು ಆ ಭಾಗವನ್ನು ಮತ್ತೆ ಹಾಕಿ ಎಣಿಸಿದೆ. ಗೂಡುನೌಕೆಯೊಳಗೆ ಕೂತ ಬೋಮನ್, ಕೆಂಪು ಉಡುಪಿನಲ್ಲಿ ನಿಂತ ಬೋಮನ್, ಊಟಕ್ಕೆ ಕೂತ ಮುದುಕ ಬೋಮನ್, ಮಂಚದ ಮೇಲೆ ಸಾಯುತ್ತಿರುವ ಬೋಮನ್, ಆಮೇಲೆ ಬೆಳಕಿನೊಳಗಿನ ಮಗು. ಒಂದರಿಂದ ಇನ್ನೊಂದಕ್ಕೆ ನಾಲ್ಕು ದಾಟು. ರೇಷ್ಮೆ ಹುಳಕ್ಕೂ ನಾಲ್ಕು ಜ್ವರ, ಪ್ರತಿ ಜ್ವರಕ್ಕೂ ಮೇವು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ನಿಂತು, ಹಳೇ ಚರ್ಮ ಕಳಚುತ್ತದೆ. ಕುಬ್ರಿಕ್ ಮನಸ್ಸಿನಲ್ಲಿ ರೇಷ್ಮೆ ಹುಳ ಇತ್ತು ಅಂತ ನಾನು ಹೇಳುತ್ತಿಲ್ಲ. ದೊಡ್ಡಮ್ಮ ಮಾತಿಲ್ಲದ ಆ ಭಾಗವನ್ನು ತಾವು ಕಂಡ ಬದುಕಿನಿಂದ ಓದಿಕೊಂಡರು, ಆ ಸಿನಿಮಾ ಅದಕ್ಕೆ ಜಾಗ ಬಿಟ್ಟಿತ್ತು. ನಾನು ಕೇಳಿದ ಅರ್ಥಗಳಲ್ಲೆಲ್ಲ ಇದೇ ಒಳ್ಳೆಯದು.

ಮಕ್ಕಳಿಗೆ ತೋರಿಸಬಹುದಾ? ಫೋನಲ್ಲಿ ನೋಡಿದ್ರೆ ಸಾಲದಾ?

ಮಕ್ಕಳಿಗೆ ಖಂಡಿತ ತೋರಿಸಿ. ಚಿರತೆ ಎಗರುವಾಗ, ಫ್ರಾಂಕ್‌ನ ಗಾಳಿ ಕೊಳವೆ ಕಿತ್ತಾಗ ಪಕ್ಕದಲ್ಲಿರಿ, ಸಾಕು. ಫೋನು ಮಾತ್ರ ಬೇಡ. ಇದನ್ನು ತೆಗೆದದ್ದು 65 ಎಂಎಂ ಫಿಲ್ಮಿಗೆ, 70 ಎಂಎಂನಲ್ಲಿ ದೊಡ್ಡದಾಗಿ ತೋರಿಸಲು, ನೌಕೆಯ ಕಿಟಕಿಯೊಳಗೆ ಓಡಾಡುವ ಪುಟ್ಟ ಮನುಷ್ಯರು ಫೋನಿನಲ್ಲಿ ಕಾಣುವುದೇ ಇಲ್ಲ. ಗೋಡೆ, ಬೆಡ್‌ಶೀಟು, ಏನಾದರೂ ದೊಡ್ಡದು ಹುಡುಕಿ. ದೀಪ ಎಲ್ಲ ಆರಿಸಿ.

ಮುಂದಿನ ಸಲ ಯಾವಾಗ?

ಗುರು ಗ್ರಹ ಸಂಜೆ ಹೊತ್ತಿಗೇ ಮೇಲೆ ಬರುವ ತಿಂಗಳಲ್ಲಿ. ಸಿನಿಮಾಕ್ಕೆ ಮುಂಚೆ ಬೈನಾಕ್ಯುಲರ್‌ನಲ್ಲಿ ಅದರ ನಾಲ್ಕು ಚಂದ್ರರನ್ನು ಎಲ್ಲರಿಗೂ ತೋರಿಸುತ್ತೇವೆ, ಅದಕ್ಕೆ ಸಾಲು ನಿಲ್ಲಬೇಕಾಗುತ್ತದೆ, ಆದ್ದರಿಂದ ಊಟ ಮುಗಿಸಿ ಏಳೂವರೆಗೆಲ್ಲ ಬಂದುಬಿಡಿ. ಚಾಪೆ ನೀವೇ ತನ್ನಿ. ಚಳಿ ಇರುತ್ತದೆ, ಒಂದು ರಗ್ಗೂ ಇರಲಿ.